ಏಳು ಗಂಟೆಯ ಪ್ಲಗ್

“ಐದು! ಒಂದು, ಎರಡು, ಮೂರು...” ಅಮ್ಮ ಹಳದಿ ಕಾಯಿ ನಡೆಸುತ್ತಿದ್ದಂತೆ ಟಪ್ಪಂತ ಕರೆಂಟ್ ಹೋಯಿತು. ಬೆನ್ನಿಗೇ ಅವಳ ಫೋನ್ ಬಡಿದುಕೊಂಡಿತು.

“ಹೋಗ್ಬೇಡಮ್ಮಾ!” ಎಂದಳು ಮಿಡತೆ. ನಿಂತಲ್ಲಿ ನಿಲ್ಲದ ಹುಡುಗಿಗೆ ಅಜ್ಜಿ ಇಟ್ಟ ಹೆಸರದು. “ಸೋಮವಾರದಿಂದ ಇದೊಂದೇ ಲೂಡೋ ಆಡ್ತಿದ್ದೀವಿ. ಇವತ್ತಾದ್ರೂ ಮುಗಿಸೋಣ.”

ಅಮ್ಮ ವಿದ್ಯುತ್ ಕಚೇರಿಯಲ್ಲಿ ಲೈನ್ ಕೆಲಸದವಳು. ಆಗಲೇ ಹೆಲ್ಮೆಟ್ ತಲೆಗೇರಿತ್ತು. “ಏನ್ಮಾಡ್ಲಿ ಪುಟ್ಟಾ? ಏಳು ಗಂಟೆಗೆ ಬೀದಿಯವರೆಲ್ಲ ಮನೆಗೆ ಬಂದು ಒಟ್ಟಿಗೇ ಗಾಡಿ ಚಾರ್ಜ್‌ಗೆ ಹಾಕ್ತಾರೆ. ಲೈಟು, ಟೀವಿ, ಗೀಸರ್ ಬೇರೆ. ಟ್ರಾನ್ಸ್‌ಫಾರ್ಮರ್ ಎಷ್ಟೂಂತ ತಡ್ಕೊಳ್ಳುತ್ತೆ? ಫ್ಯೂಸ್ ಹೋಗುತ್ತೆ.”

ಬಾಗಿಲು ಮುಚ್ಚಿತು. ಮಿಡತೆ ಟಾರ್ಚ್ ಬೆಳಕಲ್ಲಿ ಅಮ್ಮನ ಕಾಯಿಯನ್ನು ತಾನೇ ನಡೆಸಿದಳು. ಆಮೇಲೆ ತನ್ನ ಡೈಸ್ ಹಾಕಿದಳು. ಆರು ಬಿತ್ತು! ಕಾಯಿಯನ್ನು ಆರು ಮನೆ ಮುಂದಿಟ್ಟಳು. ‘ಏಯ್, ಮೋಸ!’ ಎಂದು ಜಗಳ ತೆಗೆಯಲು ಎದುರಿಗೆ ಯಾರೂ ಇರಲಿಲ್ಲ. ಅವಳಿಗೆ ಅಳು ಬಂತು. ಟಾರ್ಚ್ ಹಿಡಿದು ಕೆಳಗಿಳಿದಳು.

ಗೇಟಿನೆದುರೇ ಟ್ರಾನ್ಸ್‌ಫಾರ್ಮರ್. ಅಮ್ಮ ಏಣಿಯ ಮೇಲಿದ್ದಳು. ಕೆಳಗೆ ಬಿಲ್ಡಿಂಗಿನ ಜನ.

“ಬೇಗ ಕರೆಂಟ್ ಹಾಕಮ್ಮಾ, ಬೆಳಿಗ್ಗೆ ಗಾಡೀಲಿ ಮಾಲು ತರೋಕೆ ಹೋಗ್ಬೇಕು,” ಎಂದರು ಅಂಗಡಿ ಅಂಕಲ್.

“ಒಂದೆರಡು ಗಾಡಿ ಪ್ಲಗ್ಗಾದ್ರೂ ತೆಗೀರಪ್ಪಾ. ಮಲಗೋ ಹೊತ್ತಿಗೆ ಹಾಕ್ಕೊಳ್ಳಿ.” ಅಮ್ಮನ ದನಿ ಸೋತಿತ್ತು.

ಒಬ್ಬರೂ ಕದಲಲಿಲ್ಲ. ಎಲ್ಲರೂ ಪಕ್ಕದವರ ಗಾಡಿ ನೋಡಿದರು.

ಮಿಡತೆಗೆ ಮೈಯೆಲ್ಲ ಉರಿಯಿತು. ‘ನಿಮ್ಮಿಂದಾನೇ ನಮ್ಮಮ್ಮ...’ ಎಂದು ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಟಾರ್ಚ್ ಬೆಳಕು ಪಾರ್ಕಿಂಗ್ ಗೋಡೆಯ ಮೇಲೆ ಬಿತ್ತು. ಸಾಲಾಗಿ ಹನ್ನೆರಡು ವೈರು. ಕೊನೆಯದು ನೀಲಿ.

ಅದು ಮಿಡತೆಯ ಮನೆಯದೇ. ಅಮ್ಮ ಬಂದ ತಕ್ಷಣ ಓಡಿ ಬಂದು ಸ್ಕೂಟರ್ ಚಾರ್ಜ್‌ಗೆ ಹಾಕುವುದು ಅವಳ ಕೆಲಸ. ಬೇರೆ ಯಾರೂ ಮುಟ್ಟುವಂತಿಲ್ಲ. ಸೋಮವಾರವೂ ಹಾಕಿದ್ದಳು. ಇವತ್ತೂ ಹಾಕಿದ್ದಳು.

ಅವಳು ಗೋಡೆಯ ಬಳಿ ಹೋದಳು. ಮಿಡತೆ ನೀಲಿ ವೈರಿನ ಪ್ಲಗ್ ಕಿತ್ತಳು. ಟಕ್!

ಅಂಕಲ್ ತಿರುಗಿದರು. “ಏನೇ, ನಿಮ್ಮ ಗಾಡಿಗೆ ಬೇಡ್ವಾ?”

“ಆಮೇಲೆ ಹಾಕ್ತೀನಿ ಅಂಕಲ್. ಈಗ ನಮ್ಮಮ್ಮ ಮನೆಗೆ ಬರ್ಲಿ.”

ಅಂಕಲ್ ತಲೆ ಕೆರೆದುಕೊಂಡರು. ಮಿಡತೆ ಮೆಟ್ಟಿಲು ಹತ್ತುವಾಗ ಬೆನ್ನ ಹಿಂದೆ ಇನ್ನೊಂದು ‘ಟಕ್’ ಕೇಳಿಸಿತು. ಯಾರದೋ ಗೊತ್ತಾಗಲಿಲ್ಲ.

ಕರೆಂಟ್ ಬಂತು. ಸ್ವಲ್ಪ ಹೊತ್ತಿಗೆ ಅಮ್ಮನೂ ಬಂದಳು. ಕೈಯೆಲ್ಲ ಮಸಿ.

“ನಮ್ಮ ವೈರ್ ಸುತ್ತಿಟ್ಟಿದೆ. ಚಾರ್ಜ್‌ಗೆ ಹಾಕೋದು ಮರೆತ್ಯಾ?”

“ಮರೆತಿಲ್ಲ.”

ಅಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಚಕ್ಕಳಮಕ್ಕಳ ಹಾಕಿ ಎದುರಿಗೆ ಕೂತಳು. ಇಬ್ಬರೂ ಒಮ್ಮೆ ಬಲ್ಬಿನ ಕಡೆ ಕಣ್ಣು ಹಾಯಿಸಿದರು. ಉರಿಯುತ್ತಿತ್ತು.

ಮಿಡತೆ ತನ್ನ ಕಾಯಿಯನ್ನು ಆರು ಮನೆ ಹಿಂದಕ್ಕಿಟ್ಟಳು. ಆ ಆರು ಬಿದ್ದಾಗ ಅಮ್ಮ ಇರಲಿಲ್ಲವಲ್ಲ.

“ಈಗ ನೋಡು,” ಎಂದು ಡೈಸ್ ಕುಲುಕಿದಳು.