ಎರಡು ವಿಮಾನಗಳ ನಡುವೆ

ಸುಶಾಂತ್ ಮೂರನೆಯ ಸಲವೂ ಹೆಡ್‌ಫೋನ್ ಹಾಕದೆಯೇ ರೆಕಾರ್ಡ್ ಮಾಡಿ ಕಳಿಸಿದ್ದ.

ನಾನು ಮೊದಲ ಐದು ಸೆಕೆಂಡ್ ಕೇಳಿ ನಿಲ್ಲಿಸಿ, ಹಳೆಯ ಸಾಲನ್ನೇ ಮತ್ತೆ ಟೈಪ್ ಮಾಡಿದೆ: ‘ದಯವಿಟ್ಟು ಹೆಡ್‌ಫೋನ್ ಹಾಕಿ ಇನ್ನೊಮ್ಮೆ.’

‘ಅಯ್ಯೋ, ಪುನಃ ಫೇಲಾ ಅಕ್ಷಿತಾ ಟೀಚರ್?’ ಎಂದು ಉತ್ತರ ಬಂತು. ಜೊತೆಗೊಂದು ಅಳುವ ಮುಖ.

ನನಗೆ ನಗು ಬರಲಿಲ್ಲ. ಇವನಿಗೆ ಯುದ್ಧವೂ ಒಂದು ತಮಾಷೆ ಎಂದುಕೊಂಡೆ.

ನಮ್ಮ ಹೈಸ್ಕೂಲಿನಲ್ಲಿ ನಾನು ಹಾಡುವ ಬಳಗದ ಟೀಚರ್. ಅವನು ಪಿ.ಟಿ. ಮೇಷ್ಟ್ರು, ಸ್ಪಿರಿಟ್ ಕ್ಲಬ್ಬಿನ ಇನ್‌ಚಾರ್ಜ್. ಮ್ಯಾಚು, ಅಸೆಂಬ್ಲಿ, ವಾರ್ಷಿಕೋತ್ಸವ ಏನೇ ಇರಲಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಡ್ರಮ್ ಬಡಿದು, ಘೋಷಣೆ ಕೂಗಿ ಶಾಲೆಗೆ ಹುರುಪು ತುಂಬುವುದು ಆ ಕ್ಲಬ್ಬಿನ ಕೆಲಸ. ಅವರ ಕೋಣೆಗೂ ನನ್ನ ಸಂಗೀತದ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಎರಡು ವರ್ಷ ಆ ಗೋಡೆಯ ಆಚೆಯಿಂದ ಡ್ರಮ್ ಕೇಳಿದ್ದೇನೆ. ಹೆಸರಿಗೆ ಮಾತ್ರ ಸುಶಾಂತ್.

“ನನ್ನ ಮಕ್ಕಳು ಹಾಡುವಾಗ ಅರ್ಧ ಗಂಟೆ ನಿಲ್ಲಿಸ್ಲಿಕ್ಕೆ ಆಗುದಿಲ್ವಾ?” ಎಂದು ಒಮ್ಮೆ ಬಾಗಿಲಲ್ಲೇ ನಿಂತು ಕೇಳಿದ್ದೆ.

“ನಿಲ್ಲಿಸಿದ್ರೆ ನಮಗೆ ಎಂತ ಸಿಗ್ತದೆ?”

“ಪುಣ್ಯ.”

“ಪುಣ್ಯ ಬೇಡ ಮಾರಾಯ್ರೆ. ಒಂದು ಚಾಯ ಸಿಗ್ತದಾ?”

“ಚಾಯ ಮಾಫಿ,” ಎಂದು ಇಲ್ಲಿಯ ಅರಬಿಯಲ್ಲೇ ‘ಇಲ್ಲ’ವೆಂದು ಹೇಳಿ ತಿರುಗಿದ್ದೆ. ಬೆನ್ನ ಹಿಂದೆ ಮಕ್ಕಳ ನಗು. ಹಿಂದಿರುಗಿ ನೋಡಿದಾಗ ಅವನು ನಗುತ್ತಿಲ್ಲವೆಂಬುದನ್ನು ಮಾತ್ರ ಯಾಕೋ ಗಮನಿಸಿದ್ದೆ. ಕೈಯಲ್ಲಿದ್ದ ಡ್ರಮ್ ಕೋಲನ್ನೇ ನೋಡುತ್ತಿದ್ದ.

ಆಮೇಲೆ ಯುದ್ಧ ಬಂತು. ವಿಮಾನಗಳಿಗೆ ಆಕಾಶ ಮುಚ್ಚಿತು, ಶಾಲೆ ಮುಚ್ಚಿತು, ಮಕ್ಕಳು ಪರದೆಯ ಮೇಲಿನ ಚೌಕಗಳಾದರು.

ನಾನಿರುವುದು ಗಲ್ಫಿನ ಈ ನಗರದ ವಿಮಾನ ನಿಲ್ದಾಣದ ಹತ್ತಿರದ ಮಿರ್ದಿಫ್‌ನಲ್ಲಿ, ಅಮ್ಮನ ತಮ್ಮ ಕೃಷ್ಣಪ್ಪ ಮಾವನ ಫ್ಲಾಟಿನಲ್ಲಿ. ವಿಮಾನಗಳ ದಾರಿ ನಮ್ಮ ಚಾವಣಿಯ ಮೇಲೆಯೇ ಇತ್ತು. ಒಂದು ಹೋಗಿ ಇನ್ನೊಂದು ಬರುವ ನಡುವೆ ಎರಡು ನಿಮಿಷ ಸಿಗುತ್ತಿತ್ತು. ಆ ಎರಡು ನಿಮಿಷದಲ್ಲಿ ಒಂದು ಚರಣ ಹಾಡಿ, ರೆಕಾರ್ಡ್ ಮಾಡಿ, ಮತ್ತೆ ಕಾಯುತ್ತಿದ್ದೆ. ಈಗ ಹನ್ನೊಂದು ದಿನಗಳಿಂದ ಆ ಎರಡು ನಿಮಿಷ ಮುಗಿದೇ ಇಲ್ಲ. ಇಷ್ಟು ಮೌನವನ್ನು ಏನು ಮಾಡುವುದೆಂದು ನನಗೆ ತಿಳಿಯುತ್ತಿರಲಿಲ್ಲ. ಪರದೆ ಎಳೆದ ಕೋಣೆಯಲ್ಲಿ, ಕಿಟಕಿಯ ಗಾಜಿನಿಂದ ದೂರ ಕುಳಿತು, ಗೋಡೆಗಳನ್ನು ನೋಡುತ್ತಿದ್ದೆ.

ಹನ್ನೆರಡನೇ ತರಗತಿಯವರ ಬೀಳ್ಕೊಡುಗೆಗೆ ನನ್ನ ಬಳಗ, ಅವನ ಕ್ಲಬ್ಬು ಸೇರಿ ಒಂದು ವಿಡಿಯೊ ಮಾಡಬೇಕೆಂದು ಪ್ರಿನ್ಸಿಪಾಲ್ ಹೇಳಿದ್ದರು. ಇಂಟರ್ನೆಟ್ಟಿನಲ್ಲಿ ಮೂವತ್ತು ಮಕ್ಕಳು ಒಟ್ಟಿಗೆ ಹಾಡಲಾಗುವುದಿಲ್ಲ. ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವಾಗ ತಾಳ ತಪ್ಪಿರುತ್ತದೆ. ಹಾಗಾಗಿ ನಾನು ಇಡೀ ಹಾಡನ್ನು ಹಾಡಿ ಕಳಿಸಿದೆ. ಪ್ರತಿಯೊಬ್ಬರೂ ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ತಮ್ಮ ದನಿಯನ್ನು ಮಾತ್ರ ರೆಕಾರ್ಡ್ ಮಾಡಿ ಕಳಿಸಬೇಕು. ನಾನು ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಬೇಕು. ಹೆಡ್‌ಫೋನ್ ಇಲ್ಲದಿದ್ದರೆ ನನ್ನ ದನಿಯೂ ಅವರ ರೆಕಾರ್ಡಿಂಗಿನೊಳಗೆ ಸೋರಿಬರುತ್ತದೆ. ಆಮೇಲೆ ಬೇರ್ಪಡಿಸಲಾಗುವುದಿಲ್ಲ.

ಸ್ಪಿರಿಟ್ ಕ್ಲಬ್ಬಿನವರದು ಕೊನೆಯಲ್ಲಿ ಹದಿನೈದು ಸೆಕೆಂಡಿನ ಕೂಗು, ಅಷ್ಟೇ. ಅವರಿಗೆ ಅಷ್ಟು ತುಂಡನ್ನೇ ಕಳಿಸಿದ್ದೆ. ಸುಶಾಂತ್ ಮಾತ್ರ ಪೂರ್ತಿ ಹಾಡು ಬೇಕೆಂದು ಕೇಳಿ ಪಡೆದಿದ್ದ. “ಫೀಲ್ ಬರಬೇಕಲ್ಲ,” ಎಂದಿದ್ದ.

“ಅಕ್ಷೀ, ಲಿಸ್ಟಿನಲ್ಲಿ ನಿನ್ನ ಹೆಸರು ಹಾಕಿದ್ದೇನೆ,” ಎಂದು ಮಾವ ಊಟದ ಹೊತ್ತಿಗೆ ಹೇಳಿದರು. ನಮ್ಮ ಸಂಘದವರು ಮಂಗಳೂರಿಗೆ ಒಂದು ವಿಶೇಷ ವಿಮಾನ ಗೊತ್ತುಮಾಡಿದ್ದರು. ಪಟ್ಟಿ ಮಾವನ ಕೈಯಲ್ಲಿತ್ತು. “ಆಕಾಶ ಓಪನ್ ಆದ ಕೂಡ್ಲೇ ಹೊರಡುದು. ನಾಳೆ ಐದಕ್ಕೆ ಲಿಸ್ಟ್ ಕ್ಲೋಸ್. ಅಪ್ಪನಿಗೂ ಹೇಳಿ ಆಯ್ತು.”

“ಶಾಲೆಯವರು...”

“ಹೋದವರ ಕಾಂಟ್ರಾಕ್ಟ್ ಖಲಾಸ್ ಅಂತ ಹೇಳಿದ್ದಾರೆ, ಗೊತ್ತುಂಟು. ಜೀವಕ್ಕಿಂತ ದೊಡ್ಡದಾ?”

ಲೋಲಾಕ್ಷಿ ಅತ್ತೆ ಆಗಲೇ ಸೂಟ್‌ಕೇಸ್ ತುಂಬಿಸಿದ್ದರು. ಅಪ್ಪ, ಮಾವ, ಪ್ರಿನ್ಸಿಪಾಲ್, ಎಲ್ಲರೂ ನನ್ನ ವಿಷಯ ಮಾತಾಡಿ ಮುಗಿಸಿದ್ದರು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾನಾಗಿ ಹೇಳುವ ಅಭ್ಯಾಸ ನನಗೂ ಇರಲಿಲ್ಲ.

ಕೋಣೆಗೆ ಬಂದು, ಹೋಗುವ ಮೊದಲು ಹಾಡನ್ನಾದರೂ ಮುಗಿಸೋಣವೆಂದು ಸುಶಾಂತನ ಫೈಲನ್ನು ಮತ್ತೆ ತೆರೆದೆ. ಅವನ ಕೂಗನ್ನಷ್ಟೇ ಕತ್ತರಿಸಿ ತೆಗೆಯಬಹುದೇನೋ ನೋಡುವುದಿತ್ತು. ಈ ಸಲ ನಿಲ್ಲಿಸದೆ ಕೇಳಿದೆ.

ನಗರದ ಇನ್ನೊಂದು ತುದಿಯ ಡಿಸ್ಕವರಿ ಗಾರ್ಡನ್ಸಿನಲ್ಲಿ ಅವನದೊಂದು ಪಾರ್ಟಿಷನ್ ಕೋಣೆ, ಪ್ಲೈವುಡ್ ಗೋಡೆ. ಆ ಕೋಣೆಯ ತುಂಬ ನನ್ನ ದನಿ. ಅದರಡಿಯಲ್ಲಿ ಅವನ ಉಸಿರು. ಒಂದು ಚಮಚವನ್ನು ಸದ್ದಾಗದಂತೆ ಕೆಳಗಿಟ್ಟದ್ದು. ಎರಡನೆಯ ಚರಣದಲ್ಲಿ ಯಾರೋ ಗೋಡೆ ಬಡಿದು, “ಭಾಯ್, ಆವಾಜ್ ಕಮ್ ಕರೋ,” ಎಂದರು. ಅವನು ಕಡಿಮೆ ಮಾಡಲಿಲ್ಲ.

ಮೂರನೆಯ ಚರಣದಲ್ಲಿ ಫೋನು ಅಪಾಯದ ಎಚ್ಚರಿಕೆಯಿಂದ ಕಿರುಚಿತು. ದೂರದಲ್ಲೊಂದು ಸದ್ದು; ಎದೆಗೆ ಬಡಿಯುವಂಥದ್ದು. ಓಡುವ ಹೆಜ್ಜೆಗಳು ಕೇಳಲಿಲ್ಲ. ಒಂದು ಕ್ಷಣ ಬಿಟ್ಟು, ನನ್ನ ದನಿ ದೊಡ್ಡದಾಯಿತು.

ಅವನು ವಾಲ್ಯೂಮ್ ಹೆಚ್ಚಿಸಿದ್ದ.

ಕೊನೆಯಲ್ಲಿ ಕೂಗಬೇಕಾದ ಹದಿನೈದು ಸೆಕೆಂಡ್ ಬಂತು. ಶಾಲೆಯನ್ನೇ ನಡುಗಿಸುವ ಆ ಮನುಷ್ಯ ಏನೂ ಕೂಗಲಿಲ್ಲ. ಉಸಿರು ಮಾತ್ರ ಇತ್ತು. ನಾನು ಅದನ್ನು ನಾಲ್ಕು ಸಲ ಕೇಳಿದೆ. ಹಿಂದಿನ ಎರಡನ್ನೂ ತೆರೆದೆ. ಅವುಗಳಲ್ಲೂ ಕೂಗು ಇರಲಿಲ್ಲ.

ಫೋನ್ ಮಾಡಿದೆ.

“ಹೆಡ್‌ಫೋನ್ ಹಾಳಾಗಿದ್ಯಾ?”

“ಇಲ್ಲ. ಸರಿ ಉಂಟು.”

“ಮತ್ತೆ?”

ಅವನ ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ಪೂರ್ತಿ ಕೇಳಿದ್ರಾ?” ಎಂದ, ತಗ್ಗಿದ ದನಿಯಲ್ಲಿ.

“ಕೇಳಿದೆ. ನಿಮ್ಮ ಕೂಗು ಎಲ್ಲಿ?”

“ಬಾಯಿ ಬರುದಿಲ್ಲ ಟೀಚರ್. ಒಬ್ಬನೇ ಕೂಗಿ ನೋಡಿ, ಎಷ್ಟು ಹೆದರಿಕೆ ಆಗ್ತದೆ.”

“ಕೂಗು ನನಗೆ ನಾಳೆ ಐದರ ಒಳಗೆ ಬೇಕು. ಆಮೇಲೆ ನಾನು ಊರಿನ ಲಿಸ್ಟಿನಲ್ಲಿ...”

“ಬರ್ತೇನೆ,” ಎಂದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಮರುದಿನ ನಾಲ್ಕು ಗಂಟೆಗೆ, ಮೆಟ್ರೊ ಬದಲಿಸಿ ಬಸ್ಸು ಹಿಡಿದು, ಡ್ರಮ್ ಹೊತ್ತುಕೊಂಡು ಬಂದ. ಬಾಗಿಲು ತೆರೆದ ಅತ್ತೆ ಮೇಲಿಂದ ಕೆಳಗಿನವರೆಗೆ ನೋಡಿದರು.

“ದಿಬ್ಬಣ ಉಂಟಾ ಎಲ್ಲಿಯಾದ್ರೂ?”

“ಇಲ್ಲ ಅಕ್ಕ. ಶಾಲೆಯ ಕೆಲಸ.”

“ಶಾಲೆಯ ಕೆಲಸಕ್ಕೆ ಇಸ್ತ್ರಿ ಹಾಕಿದ ಅಂಗಿಯಾ?”

ಅವನ ಕಿವಿಗಳು ಕೆಂಪಾದವು. ನಾನು ಮೈಕ್ ಸರಿಪಡಿಸುವವಳಂತೆ ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಅವನು ನನ್ನನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಚಾವಣಿ ನೋಡಿದ.

ಅಷ್ಟರಲ್ಲಿ ಮೂವರ ಫೋನುಗಳೂ ಒಟ್ಟಿಗೆ ಕಿರುಚಿದವು.

ಕಿಟಕಿಯಿಲ್ಲದ ಜಾಗವೆಂದರೆ ಸ್ಟೋರ್ ರೂಮ್ ಒಂದೇ. ಕುಚ್ಚಲಕ್ಕಿಯ ಚೀಲದ ಮೇಲೆ ಅತ್ತೆ, ಮಗುಚಿದ ಬಕೆಟ್ಟಿನ ಮೇಲೆ ಅವನು, ನನ್ನ ಸೂಟ್‌ಕೇಸಿನ ಮೇಲೆ ನಾನು. ಬಾಗಿಲು ಮುಚ್ಚಿದರೆ ಮೊಣಕಾಲುಗಳು ತಾಗುವಷ್ಟೇ ಜಾಗ. ಅತ್ತೆ ಕಣ್ಣು ಮುಚ್ಚಿ ಮಣಮಣ ಪ್ರಾರ್ಥಿಸುತ್ತಿದ್ದರು. ದೂರದ ಸದ್ದಿಗೆ ಹಲಗೆಯ ಮೇಲಿದ್ದ ಸ್ಟೀಲ್ ಡಬ್ಬಗಳು ಸಣ್ಣಗೆ ನಡುಗಿದವು.

“ಪ್ಯಾಕ್ ಆಯ್ತಾ?” ಎಂದ, ಸೂಟ್‌ಕೇಸ್ ನೋಡಿ.

“ಅತ್ತೆ ಮಾಡಿದ್ರು.”

“ಹೋಗ್ಬೇಡಿ ಅಂತ ಹೇಳ್ಲಿಕ್ಕೆ ಬಂದಿದ್ದೆ,” ಎಂದ. “ಬಸ್ಸಿನಲ್ಲಿ ನಾಲ್ಕು ಸಲ ಪ್ರಾಕ್ಟೀಸ್ ಮಾಡಿದೆ. ಈ ಸದ್ದು ಕೇಳಿದ ಮೇಲೆ ಹೇಳ್ಲಿಕ್ಕೆ ಆಗುದಿಲ್ಲ. ನಿಮಗೆ ಎಂತಾದ್ರೂ ಆದ್ರೆ?” ಬಕೆಟ್ಟಿನ ಅಂಚು ಹಿಡಿದು, “ನನಗೆ ನಿಮ್ಮ ಮೇಲೆ ಪ್ರೀತಿ ಉಂಟು. ಡ್ರಮ್ ಬಡೀತಿದ್ದದ್ದು ನೀವು ಬಾಗಿಲಿಗೆ ಬರ್ಲಿ ಅಂತ. ಅದು ಬೇರೆ. ನಿಮಗೆ ಎಂತ ಬೇಕು, ಅದು ಹೇಳಿ.”

ಅತ್ತೆಯ ಮಣಮಣ ನಿಂತಿತು.

ಎಷ್ಟು ಸಣ್ಣ ಪ್ರಶ್ನೆ! ಹನ್ನೆರಡು ದಿನದಲ್ಲಿ ಯಾರೂ ಕೇಳದ್ದು. ಆ ಮುಚ್ಚಿದ ಕೋಣೆಯಲ್ಲಿ, ಮೂರು ಜನರ ಉಸಿರಿನಿಂದ ಬಿಸಿಯಾದ ಗಾಳಿಯಲ್ಲಿ, ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

“ನನಗೆ ಇಲ್ಲೇ ಇರ್ಬೇಕು. ಮಕ್ಕಳ ದನಿ ಎಲ್ಲ ನನ್ನ ಹತ್ರ ತುಂಡು ತುಂಡಾಗಿ ಬಿದ್ದಿದೆ. ಅವರು ಶಾಲೆಗೆ ವಾಪಸ್ ಬಂದಾಗ ನಾನು ಅಲ್ಲಿ ಇರ್ಬೇಕು. ಮತ್ತೆ...” ಅವನ ಕಡೆ ನೋಡಿದೆ. “ಗೋಡೆಯ ಆಚೆ ನೀವು ಇರ್ಬೇಕು.”

ಅಪಾಯ ಕಳೆಯಿತೆಂಬ ಸಂದೇಶ ಬಂತು. ಅತ್ತೆ ಎದ್ದು, ಸೀರೆ ಕೊಡವಿ, ಮಾವನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. “ನೀನೇ ಹೇಳು. ನನ್ನ ಹತ್ರ ಬೈಸಿಕೊಳ್ಳುವ ಶಕ್ತಿ ಇಲ್ಲ.”

“ಮಾವ, ನನ್ನ ಹೆಸರು ತೆಗೀರಿ. ಕೆಳಗಿನ ಮನೆಯ ನಫೀಸಕ್ಕ ಮಗು ಹಿಡ್ಕೊಂಡು ಕಾಯ್ತಾ ಇದ್ದಾರೆ, ಅವರದು ಹಾಕಿ.” ಮಾವ ಕೂಗಾಡಿದರು. ಅಪ್ಪನ ಹೆಸರು ಹೇಳಿದರು. ನಾನು ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ.

ಆಮೇಲೆ ಒಂದೇ ಮೈಕಿನ ಮುಂದೆ ನಿಂತೆವು. ಹೆಡ್‌ಫೋನ್ ಯಾರೂ ಹಾಕಲಿಲ್ಲ. ನಾನು ಕೊನೆಯ ಚರಣ ಹಾಡಿದೆ. ಅವನು ಡ್ರಮ್ ಬಡಿದು, ಕಣ್ಣು ತುಂಬಿಕೊಂಡು, ಇಡೀ ಕ್ಲಬ್ಬೇ ಜೊತೆಗಿದ್ದಂತೆ ಕೂಗಿದ.

ಆ ಕೂಗಿನ ಮೇಲೆಯೇ ಚಾವಣಿ ಗುಂಯ್‌ಗುಟ್ಟಿತು. ಹಳೆಯ, ಗುರುತಿನ ಸದ್ದು. ಎರಡು ನಿಮಿಷ ಮುಗಿದಿತ್ತು. ಆಕಾಶ ತೆರೆದಿತ್ತು.

ಅವನು ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದ. ನಾನು ಆ ಕೈಯನ್ನು ಹಿಡಿದೆ.

“ಇರ್ಲಿ, ಬಿಡಿ.”

“ವಿಮಾನ ಸೇರಿತಲ್ಲ, ಫೇಲ್ ಆಗುದಿಲ್ವಾ?”

“ಇಲ್ಲ,” ಎಂದೆ, ಕೈ ಬಿಡದೆ. “ಬನ್ನಿ. ಚಾಯ ಉಂಟು.”