ಕೆಂಪು ಮಸಿಯ ಜೊಂಡು

ಚಿತ್ರಗಳ ಹಿಂದೆ ಗಟ್ಟಿ ಕಾಗದ ಅಂಟಿಸಿಕೊಡುವ ಅಂಗಡಿಯ ಕೆಲಸದ ಹುಡುಗಿ ರುಯಿನ್ ಊಟ ಮುಗಿಸಿ ಬಂದವಳು ಗೋಡೆ ಹಲಗೆ ನೋಡಿ ಹೌಹಾರಿದಳು. ಬೆನ್ನುಕಾಗದ ಹಾಕಿ, ಮುಖ ಒಳಗಾಗಿ ಒಣಗಲು ಅಂಟಿಸಿದ್ದ ಹನ್ನೊಂದು ಚಿತ್ರಗಳಲ್ಲಿ ಹತ್ತೇ ಉಳಿದಿದ್ದವು.

ಸುಝೌ ಊರಿನ ಹೆಸರಾಂತ ಕಲಾವಿದ ಚಿಯಾವ್ ಒಂಬತ್ತನೇ ವಯಸ್ಸಿನಲ್ಲಿ ಬರೆದ ಚಿತ್ರಗಳವು. ನಲವತ್ತು ವರ್ಷ ಅವನ್ನು ಜೋಪಾನ ಮಾಡಿದವರು ಅವನ ಶಾಲೆಯ ಶೆನ್ ಮೇಷ್ಟ್ರು. ಪ್ರದರ್ಶನಕ್ಕೆಂದು ಹಿಂದಿನ ದಿನ ತಾವೇ ತಂದು, ಅಂಟಿಸಿ ಮುಗಿಸುವವರೆಗೂ ಪಕ್ಕದಲ್ಲೇ ಕೂತು ನೋಡಿದ್ದರು. ಈಗ ಅಂಗಡಿಯಲ್ಲಿದ್ದವರೂ ಅವರೊಬ್ಬರೇ.

"ಚಹಾ ಕುಡಿಯೋಕೆ ಒಂದು ಗಳಿಗೆ ಆಚೆ ಹೋಗಿದ್ದೆ ಕಣಮ್ಮ" ಎಂದರು.

ರುಯಿನ್ ಹಿಂದೆಮುಂದೆ ನೋಡದೆ ಅವರ ಚೀಲಕ್ಕೆ ಕೈ ಹಾಕಿದಳು. ಸಿಕ್ಕಿದ್ದು ಒಂದು ಕನ್ನಡಕ, ಎರಡು ಬೇಯಿಸಿದ ಮೊಟ್ಟೆ. ಮುದುಕರು ತಲೆ ತಗ್ಗಿಸಿದರು. ಅದನ್ನು ನೋಡಿ ಅವಳು ನಾಚಿ ಎಲ್ಲವನ್ನೂ ಮತ್ತೆ ಚೀಲದೊಳಗಿಟ್ಟಳು.

ಕಳೆದ ಕೋಳಿಯಿಂದ ಓಡಿಹೋದ ಅಳಿಯನವರೆಗೆ ಏನೇ ಕಾಣದಿದ್ದರೂ ಆ ಓಣಿಯವರು ಬರುತ್ತಿದ್ದುದು ಅಂಗಡಿಯ ಒಡತಿ ಫಾಂಗ್ ಅಜ್ಜಿಯ ಬಳಿಗೇ. ರುಯಿನ್ ಕರೆದಾಗ ಬಂದ ಅಜ್ಜಿ ಹಲಗೆಗೆ ಮೂಗು ತಾಗಿಸಿದಳು.

"ಇಲ್ನೋಡೇ, ಮೂರು ಚಿತ್ರದ ಮೂಲೆ ಎಬ್ಬಿಸಿ ಮತ್ತೆ ಅಂಟಿಸಿದ್ದಾರೆ. ಅಂಟು ಇನ್ನೂ ಹಸಿ. ಚಿಯಾವ್‌ಗೆ ಫೋನ್ ಮಾಡು. ಒಂದು ಚಿತ್ರ ಕಾಣ್ತಿಲ್ಲ ಅನ್ನು, ಅಷ್ಟೇ."

ಚಿಯಾವ್ ಏದುಸಿರು ಬಿಡುತ್ತ ಬಂದ. "ಯಾರಜ್ಜಿ ಕದ್ದೋರು ನನ್ನ ಜೊಂಡಿನ ಚಿತ್ರಾನ?"

ಅಜ್ಜಿ ಎಲ್ಲರನ್ನೂ ಕೂರಿಸಿದಳು. "ಕಳ್ಳ ಮೂಲೆ ಎತ್ತಿ ಎತ್ತಿ ಹುಡುಕಿದ್ದಾನೆ. ಯಾವುದು ಎಲ್ಲಿದೆ ಅಂತ ಮೇಷ್ಟ್ರಿಗೆ ಗೊತ್ತು, ಅವರು ಹುಡುಕಬೇಕಿಲ್ಲ. ಹೊರಗಿನ ಕಳ್ಳ ಆಗಿದ್ರೆ ಪರಪರ ಹರೀತಿದ್ದ. ಇಲ್ಲಿ ಬಿದಿರು ಚಾಕು ಆಡಿಸಿ ನಾಜೂಕಾಗಿ ಬಿಡಿಸಿದ್ದಾರೆ. ಆ ಕೆಲಸ ಇದೇ ಅಂಗಡೀಲಿ ನಿನಗೆ ನಾನೇ ಕಲಿಸಿದ್ದು ಕಣೋ. ಇನ್ನು ಹೋಗಿದ್ದು ಜೊಂಡಿನ ಚಿತ್ರ ಅಂತ ನಮ್ಮ ಮೂವರನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿನಗ್ಯಾರು ಹೇಳಿದ್ರು?"

ಚಿಯಾವ್ ಕೋಟಿನೊಳಗಿಂದ ಸುರುಳಿ ತೆಗೆದ. ಕಪ್ಪು ಮಸಿಯಲ್ಲಿ ನೆಟ್ಟಗೆ ನಿಂತ ಜೊಂಡು. ಅದರ ಮೇಲೆ ಮೇಷ್ಟ್ರು ಕೆಂಪು ಮಸಿಯಲ್ಲಿ ಎಳೆದಿದ್ದ ಬಾಗಿದ ಗೆರೆಯನ್ನು ಅವನು ಕೆರೆದು ತೆಗೆದಿದ್ದ. ತಿಳಿಗೆಂಪು ಕಲೆಯಷ್ಟೇ ಉಳಿದಿತ್ತು.

"ಆ ಬಾಗು ನೋಡೇ ಜನ ನನ್ನನ್ನ ಮೆಚ್ಚಿದ್ದು. ಯಾರೂ ಕಲಿಸಲಿಲ್ಲ ಅಂತ ಹೋದಲ್ಲೆಲ್ಲ ಹೇಳ್ಕೊಂಡೆ ಮೇಷ್ಟ್ರೇ. ಈ ಚಿತ್ರ ಪ್ರದರ್ಶನಕ್ಕೆ ಹೋಗಿದ್ರೆ ಅದು ನಿಮ್ಮ ಗೆರೆ ಅಂತ ಎಲ್ರಿಗೂ ಗೊತ್ತಾಗ್ತಿತ್ತು. ನನ್ನ ಮಾನ ಉಳಿಸ್ಕೊಳ್ಳೋಕೆ ನಿಮ್ಮ ಮಾನ ಕಳೆದೆ. ಥೂ, ನನ್ನ ಜನ್ಮಕ್ಕೆ!"

ಮೇಷ್ಟ್ರು ಆ ಕಲೆಯ ಮೇಲೆ ಬೆರಳಾಡಿಸಿದರು. "ಆ ಗೆರೆ ನಂದಲ್ಲ ಕಣೋ ದಡ್ಡ. ಶಾಲೆ ಅಂಗಳದ ಕಲ್ಲಿನ ಮೇಲೆ ಕುಂಚ ನೀರಲ್ಲಿ ಅದ್ದಿ ನೀನೇ ಬರೆದಿದ್ದೆ. ಬಿಸಿಲಿಗೆ ಆರಿಹೋಯ್ತು. ಮಾರನೇ ದಿನ ಕಾಗದ ಕೊಟ್ರೆ ಹೆದರಿ ನೆಟ್ಟಗೆ ಎಳೆದೆ. ನಿನ್ನ ಗೆರೆ ನಿನಗೆ ಮರೀಬಾರ್ದು ಅಂತ ಅದನ್ನೇ ಇಲ್ಲಿ ನಕಲು ಮಾಡಿದ್ದೆ."

ಆ ಬಾಗು ಚಿಯಾವ್‌ನದೇ ಎನ್ನುವುದಕ್ಕೆ ಲೋಕದಲ್ಲಿದ್ದ ಒಂದೇ ಗುರುತನ್ನು ಅವನೇ ಅಳಿಸಿದ್ದ.

"ಇನ್ನೊಂದ್ಸಲ ಎಳೆದುಕೊಡಿ ಮೇಷ್ಟ್ರೇ" ಎಂದು ಅತ್ತ.

"ನನ್ನ ಕೈ ನಡುಗುತ್ತಪ್ಪ. ನೀನೇ ಬರಿ."

ಅಜ್ಜಿ ಕೆಂಪು ಮಸಿ ಕಲಸಿ ಕೊಟ್ಟಳು. ಚಿಯಾವ್ ಕುಂಚ ಹಿಡಿದು ಸಂಜೆಯವರೆಗೆ ಕೂತ. ಒಂದು ಗೆರೆಯೂ ಬರಲಿಲ್ಲ.