ನೆರಳಿನಲ್ಲಿ ಇಡತಕ್ಕದ್ದು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತು ನಲವತ್ತು. ಠಾಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ ಮುದುಕಿಯ ಸೆರಗಿನಲ್ಲಿ ಒಣ ಎಲೆಗಳಿದ್ದವು. ಅವನ್ನು ಮೇಜಿನ ಮೇಲೆ ಸುರಿದು, ಕೊಲೆಯ ದೂರು ಬರೆದುಕೊಳ್ಳಿ ಎಂದಳು.

ದಫೇದಾರನಿಗೆ ನಗು ಬಂತು. ಒಳಕೋಣೆಯಿಂದ ಎದ್ದು ಬಂದ ಇನ್ಸ್‌ಪೆಕ್ಟರ್ ನಗಲಿಲ್ಲ. ಮೂವತ್ತೆರಡು ವರ್ಷ ಶಾಲೆಯ ಗಂಟೆ ಬಾರಿಸಿದ ಆ ಕೈಯನ್ನು ಅಲ್ಲಿ ಓದಿದವರು ಯಾರೂ ಮರೆಯುವಂತಿರಲಿಲ್ಲ. ಮಕ್ಕಳೆಲ್ಲ ಅವಳನ್ನು ಗಂಟೆಯಮ್ಮ ಎಂದೇ ಕರೆಯುತ್ತಿದ್ದರು.

"ಬೆಲ್ ಹೊಡೆದ ಮೇಲೆ ಓಡಿ ಬರ್ತಿದ್ದೋನು ನೀನೇ ಅಲ್ವೇನಪ್ಪಾ?" ಎಂದಳು ಅವಳು. "ಈ ಸಲನಾದ್ರೂ ಬೇಗ ಬಾ."

ಅವಳು ಹೇಳಿದ್ದಿಷ್ಟು. ಶಾಲೆಯ ರಸ್ತೆಯಲ್ಲಿ ಹದಿನಾಲ್ಕು ಮಹಾಗನಿ ಮರಗಳಿದ್ದವು. ಎರಡು ವರ್ಷದಲ್ಲಿ ಮೂರು ಒಣಗಿದವು. ಸತ್ತ ಮರ ಎಂದು ಅಧಿಕಾರಿಗಳು ಬರೆದರು, ಹರಾಜಾಯಿತು, ಕಡಿದು ಸಾಗಿಸಿದರು. ಈಗ ನಾಲ್ಕನೆಯದು ತುದಿಯಿಂದ ಒಣಗುತ್ತಿದೆ. ಅದರ ಕೊಂಬೆಗೇ ಅವಳ ಗಂಟೆ ಕಟ್ಟಿದ್ದದ್ದು. ಮರಗಳು ಹೀಗೆ ಒಂದರ ಹಿಂದೆ ಒಂದು ತಾವಾಗಿ ಸಾಯುವುದಿಲ್ಲ ಎಂಬುದು ಅವಳ ವಾದ. ಹತ್ತೂಕಾಲಿಗೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಇನ್ಸ್‌ಪೆಕ್ಟರ್ ಆ ರಸ್ತೆಯಲ್ಲಿ ನಡೆದು ಬಹಳ ವರ್ಷಗಳಾಗಿದ್ದವು. ಜೀಪಿನಲ್ಲಿ ಹೋಗುವುದು ನಡೆದಂತಲ್ಲ. ಚಿಕ್ಕಂದಿನಲ್ಲಿ ನಡುಮಧ್ಯಾಹ್ನ ಬರಿಗಾಲಲ್ಲಿ ಮನೆಯಿಂದ ಶಾಲೆಯವರೆಗೆ ಬರಬಹುದಿತ್ತು, ಕಾಲು ಸುಡುತ್ತಿರಲಿಲ್ಲ. ಈಗ ಮೂರು ಮರ ಹೋದ ಜಾಗದಲ್ಲಿ ಟಾರು ಮೆತ್ತಗಾಗಿ ಬೂಟಿಗೆ ಅಂಟುತ್ತಿತ್ತು. ಇಷ್ಟು ದಿನ ಗಮನಿಸಲೇ ಇಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಅರಣ್ಯಾಧಿಕಾರಿ ಚಾಕುವಿನ ಹಿಡಿಯಿಂದ ನಾಲ್ಕನೆಯ ಮರದ ಕಾಂಡವನ್ನು ತಟ್ಟುತ್ತಾ ಬಂದರು. ಮೊಣಕಾಲೆತ್ತರದಲ್ಲಿ ಸದ್ದು ಬೇರೆಯಾಯಿತು. ಅಲ್ಲಿ ಬೆಂಕಿಪೊಟ್ಟಣದಷ್ಟು ತೊಗಟೆಯನ್ನು ಕಿತ್ತು ಮತ್ತೆ ಅಂಟಿಸಿದ್ದರು. ಅದನ್ನು ಬಿಡಿಸಿದರೆ ಒಳಗೆ ತೂತೇ ಕಾಣಲಿಲ್ಲ. ಕನ್ನಡಕ ತೆಗೆದು ಹತ್ತಿರದಿಂದ ನೋಡಿದಾಗ ಕೂದಲೆಳೆಯಂಥ ಒಂದು ದುಂಡುಗೆರೆ ಕಂಡಿತು. ಅದು ತೂತನ್ನು ಮುಚ್ಚಿದ ಮರದ ಬಿರಡೆ. ಅದನ್ನು ಎಬ್ಬಿಸಿದ ಕೂಡಲೇ ಓರೆಯಾಗಿ ಕೊರೆದ ತೂತಿನಿಂದ ಕಳೆನಾಶಕದ ಘಾಟು ಮೂಗಿಗೆ ಹೊಡೆಯಿತು.

"ಈಗ್ಲೇ ತೊಳೆದ್ರೆ ಇದು ಉಳಿದ್ರೂ ಉಳಿಯುತ್ತೆ," ಎಂದರು ಅರಣ್ಯಾಧಿಕಾರಿ. "ಇನ್ನೆಷ್ಟು ಮರಕ್ಕೆ ಹಾಕಿದ್ದಾನೋ ಗೊತ್ತಿಲ್ಲ. ಹಳೇ ತೂತು ಸದ್ದಲ್ಲಿ ಸಿಗುತ್ತೆ, ಹೊಸದು ಸಿಗಲ್ಲ. ಹುಡುಕೋಕೆ ಅಂತ ಎಲ್ಲ ಮರದ ತೊಗಟೆ ಸುಲಿದ್ರೆ ನಾವೇ ಸಾಯಿಸಿದ ಹಾಗೆ. ಒಂದು ವಾರ ಟೈಮಿದೆ ಅಂದ್ಕೊಳ್ಳಿ."

ಮೊದಲ ಅನುಮಾನ ಬಟ್ಟೆ ಅಂಗಡಿಯವನ ಮೇಲೆ. ಅವನ ಬೋರ್ಡಿಗೆ ಐದನೆಯ ಮರ ಅಡ್ಡವಿತ್ತು. ಮರ ಕಡಿಯಿರಿ ಎಂದು ಕೊಟ್ಟ ಒಂಬತ್ತು ಅರ್ಜಿಗಳ ಪ್ರತಿಗಳನ್ನು ಅವನೇ ತಂದು ತೋರಿಸಿದ. ಕದ್ದು ಮಾಡುವವನು ಸಹಿ ಹಾಕಿ ಅರ್ಜಿ ಕೊಡುತ್ತಾನೆಯೇ ಎಂದು ಕೇಳಿದ. ಮಾತಿನಲ್ಲಿ ಹುರುಳಿತ್ತು. ಹರಾಜಿನ ಕಡತ ತರಿಸಿದಾಗ ಮೂರೂ ಮರಗಳನ್ನು ಒಂದೇ ಸಾಮಿಲ್‌ನವನು ಹಿಡಿದಿದ್ದು ತಿಳಿಯಿತು. ಅವನೂ ಜಾರಿಕೊಂಡ. ಹರಾಜು ಕೂಗುವುದು ಅಪರಾಧವೇನಲ್ಲ.

ಮಾರ್ಚ್ ಹದಿಮೂರು, ಮಧ್ಯಾಹ್ನ. ಇನ್ಸ್‌ಪೆಕ್ಟರ್ ಜಪ್ತಿಯಾದ ಬಿರಡೆಯನ್ನು ಸಾಕ್ಷ್ಯಕ್ಕೆಂದು ಕೊಯ್ದು ತಂದಿದ್ದ, ತೂತಿನ ಸುತ್ತಲಿನ ಮರದ ತುಂಡಿನೊಳಗೆ ಮತ್ತೆ ಕೂರಿಸಿ ನೋಡುತ್ತಿದ್ದ. ಎಳೆಗೆ ಎಳೆ ಕೂಡಿತ್ತು. ಉಗುರಿನಿಂದ ಗೀರಿದ. ಎಲ್ಲಿಯೂ ತಡೆಯಲಿಲ್ಲ. ಹೀಗೆ ಹಿಂದೆಯೂ ಮಾಡಿದ್ದೇನಲ್ಲ ಅನ್ನಿಸಿತು. ನಾಲ್ಕನೇ ಕ್ಲಾಸು, ಕೊನೆಯ ಬೆಂಚು, ಲೆಕ್ಕದ ಪಿರಿಯಡ್ಡು. ಬೆಂಚಿನ ಸ್ಕ್ರೂಗಳ ಮೇಲೆ ಇಂಥವೇ ಬಿರಡೆಗಳಿದ್ದವು. ಒಂದನ್ನಾದರೂ ಎಬ್ಬಿಸಬೇಕೆಂದು ಇಡೀ ವರ್ಷ ಉಗುರು ಸವೆಸಿದ್ದ.

ಶಾಲೆಯ ಉಗ್ರಾಣದಲ್ಲಿ ಹಳೆಯ ಬೆಂಚುಗಳು ಒಂದರ ಮೇಲೊಂದು ಬಿದ್ದಿದ್ದವು; ತರಗತಿಗಳಿಗೆ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ದಫೇದಾರ ಒದ್ದೆ ಬಟ್ಟೆಯಿಂದ ಧೂಳು ಒರೆಸಿದ. ಬಿರಡೆಗಳು ಮೂವತ್ತು ವರ್ಷದ ನಂತರವೂ ಅಲ್ಲಾಡಿರಲಿಲ್ಲ.

"ಬೇರೆಯೋನಾಗಿದ್ರೆ ತೂತಿಗೆ ಮಣ್ಣು ಮೆತ್ತಿ ಹೋಗ್ತಿದ್ದ ಸರ್," ಎಂದ ದಫೇದಾರ.

ಬೆಂಚು ಮಾಡಿದವರು ಯಾರೆಂದು ಗಂಟೆಯಮ್ಮನನ್ನು ಕೇಳಿದರು. ಶಾಲೆಯ ಹಿಂದಿನ ಓಣಿಯ ಬೆಂಚ್ ಮೇಸ್ತ್ರಿ ಎಂದಳು. ಮರದ ಕೊಂಬೆಗೆ ಗಂಟೆ ಕಟ್ಟಿಕೊಟ್ಟವನೂ ಅವನೇ.

ನಾಲ್ಕೂವರೆಗೆ ಮೇಸ್ತ್ರಿಯ ಮನೆ. ಎಪ್ಪತ್ತರ ಆಸುಪಾಸಿನ ಮನುಷ್ಯ. ನಡುಮನೆಯಲ್ಲಿ ಎರಡು ಕೆಂಪು ಹಲಗೆಗಳು, ನೆಲಕ್ಕೆ ತಾಗದಂತೆ ಪಟ್ಟಿಗಳ ಮೇಲೆ ಮಲಗಿದ್ದವು.

"ಇದೆಲ್ಲಿಂದ ಬಂತು?"

"ಸಾಮಿಲ್‌ನೋರು ಕೊಟ್ರು."

"ಯಾಕೆ ಕೊಟ್ರು?"

ಮೇಸ್ತ್ರಿ ಬಗ್ಗಿ ಹಲಗೆಯ ಮೇಲಿನ ಧೂಳು ಒರೆಸಿದ. ಇನ್ಸ್‌ಪೆಕ್ಟರ್ ಬಿರಡೆಯನ್ನು ಅವನ ಅಂಗೈಯಲ್ಲಿಟ್ಟ. ಮುದುಕ ಅದನ್ನು ಬೆಳಕಿಗೆ ಹಿಡಿದು ಹೆಬ್ಬೆರಳಾಡಿಸಿದ.

"ಮಣ್ಣು ಮೆತ್ತಿದ್ರೆ ನಾನು ಸಿಗ್ತಿರಲಿಲ್ಲ, ಅಲ್ವಾ ಸರ್?"

"ಇಲ್ಲ."

"ಗೊತ್ತಿತ್ತು ಸರ್. ತೂತನ್ನ ಹಾಗೇ ಬಿಡೋಕೆ ಕೈ ಒಪ್ಪಲಿಲ್ಲ."

"ಇನ್ನೆಷ್ಟು ಮರಕ್ಕೆ ಹಾಕಿದೀರಿ?"

ಬಾಯಲ್ಲಿ ಹೇಳದೆ ಅವನು ಚಪ್ಪಲಿ ಮೆಟ್ಟಿ ಹೊರಟ. ರಸ್ತೆಗೆ ಬಂದು ಒಂದೊಂದು ಕಾಂಡದ ಮೇಲೂ ಅಂಗೈಯಿಟ್ಟು, ಏಳನೆಯದನ್ನೂ ಒಂಬತ್ತನೆಯದನ್ನೂ ತೋರಿಸಿದ. ಅರಣ್ಯಾಧಿಕಾರಿಯ ಜನ ತೂತು ಬಿಚ್ಚಿ ನೀರು ಹಾಯಿಸಲು ಶುರುಮಾಡಿದಾಗ ಐದೂ ಐವತ್ತು. ಗಂಟೆಯ ಮರದ ಬುಡದಲ್ಲಿ ಗಂಟೆಯಮ್ಮ ನಿಂತಿದ್ದಳು. ಮೇಸ್ತ್ರಿ ಅವಳತ್ತ ನೋಡಲಿಲ್ಲ.

ಸಂಜೆ ಆರೂವರೆಗೆ ಅವನನ್ನು ದಸ್ತಗಿರಿ ಮಾಡಲಾಯಿತು. ಏಳು ಗಂಟೆಗೆ ಸಾಮಿಲ್ ಮಾಲೀಕನನ್ನೂ ಕರೆತಂದರು. ಒಣಗಿದ ಮರ ಮಾತ್ರ ಹರಾಜಿಗೆ ಬರುತ್ತದೆ. ಒಣಗಿಸಿ ಕೊಟ್ಟರೆ ಮರಕ್ಕೆರಡು ಹಲಗೆ ಎಂದು ಅವನು ಮೇಸ್ತ್ರಿಗೆ ಆಸೆ ಹುಟ್ಟಿಸಿದ್ದ.

ಮೇಸ್ತ್ರಿಯ ಮನೆಯ ಹಿಂದಿನ ಕೋಣೆಯನ್ನು ಶೋಧಿಸಿದಾಗ ಸಿಕ್ಕಿದ್ದು ನಾಲ್ಕು ಬೆಂಚು. ಹೊಸವು, ಮಕ್ಕಳ ಅಳತೆಯವು. ಯಾರೂ ಮಾಡಿಸಿದ್ದಲ್ಲ.

"ಹತ್ತು ವರ್ಷದಿಂದ ಬರೀ ಪ್ಲೈವುಡ್ಡು, ಅಂಟು," ಎಂದು ಮೇಸ್ತ್ರಿ ಹೇಳಿಕೆಯಲ್ಲಿ ನುಡಿದ. "ನಿಜವಾದ ಮರಕ್ಕೆ ಕೀಸುಳಿ ಹಾಕಿದ್ರೆ ಬರೋ ವಾಸನೆನೇ ಮರೆತುಹೋಗಿತ್ತು ಸರ್. ಕಣ್ಣು ಹೋಗೋದ್ರೊಳಗೆ ಇನ್ನೊಂದಿಷ್ಟು ಬೆಂಚು ಮಾಡ್ಬೇಕು ಅನ್ನಿಸ್ತು." ತನ್ನ ಹಳೆಯ ಬೆಂಚುಗಳ ಮೇಲೆ ಕೂತಿದ್ದ ಆ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಅವನು ಕೇಳಿದ. ಇನ್ಸ್‌ಪೆಕ್ಟರ್ ಕತ್ತೆತ್ತದೆ ಬರೆಯುತ್ತಲೇ ಇದ್ದ.

ಹಲಗೆಗಳನ್ನು ಠಾಣೆಯ ಅಂಗಳದಲ್ಲಿ ಇಳಿಸುವಾಗ ಮೇಸ್ತ್ರಿ ಲಾಕಪ್ಪಿನ ಕಂಬಿ ಹಿಡಿದು ಎದ್ದು ನಿಂತ.

"ಅದಿನ್ನೂ ಹಸಿ ಇದೆ ಸರ್. ನಾಳೆ ಬಿಸಿಲು ಬಿದ್ರೆ ಸೀಳಿಹೋಗುತ್ತೆ. ಮರದ ನೆರಳಲ್ಲಿ ಇಡಿಸಿ."

ದಫೇದಾರ ಠಾಣೆಯ ಸುತ್ತ ಒಂದು ಸುತ್ತು ಹಾಕಿ ಬಂದು, ಎಲ್ಲೂ ಒಂದು ಮರವಿಲ್ಲ ಎಂದ. ಇನ್ಸ್‌ಪೆಕ್ಟರ್ ಹಲಗೆಗಳನ್ನು ತನ್ನ ಕೋಣೆಗೇ ತರಿಸಿ ಪಟ್ಟಿಗಳ ಮೇಲೆ ಮಲಗಿಸಿದ. ಜಪ್ತಿ ಪಟ್ಟಿಯ ಷರಾ ಕಾಲಮ್ಮಿನಲ್ಲಿ, ನೆರಳಿನಲ್ಲಿ ಇಡತಕ್ಕದ್ದು ಎಂದು ಬರೆದು ಸಹಿ ಹಾಕಿದ.